ಅವ್ವನ ಹರಕೆಯ ರೊಟ್ಟಿ

ಮೊಮ್ಮಗಳು ಬೆಳಗ್ಗೆ ಹುಚ್ಚೆಳ್ಳು ಹುರಿಯುತ್ತಿದ್ದಳು. ಆ ಘಮಕ್ಕೆ ನನ್ನ ಪೇಪರ್ ಓದು ಕೆಟ್ಟಿತು. ನಿಮಗೆ ಅದು ಬರೀ ಚಟ್ನಿಪುಡಿಯ ವಾಸನೆ ಇರಬಹುದು. ನನಗೆ ನೆನಪಾಗುವುದು ಗುರುಮಲ್ಲಪ್ಪನವರು.

ಐವತ್ತರ ದಶಕ. ಹೆಗ್ಗಡದೇವನಕೋಟೆಯ ಕಚೇರಿಯೊಂದರಲ್ಲಿ ನಾನು ಹೊಸ ಗುಮಾಸ್ತ, ಅವರು ದಾಖಲೆಗಳ ನಕಲು ಬರೆಯುವವರು. ಮುತ್ತು ಪೋಣಿಸಿದಂಥ ಅಕ್ಷರ. ನನ್ನದೋ, ಬರೆದ ನನಗೇ ಓದಲು ಬರುತ್ತಿರಲಿಲ್ಲ. ಮಧ್ಯಾಹ್ನ ಎಲ್ಲರೂ ಹೊಂಗೆಮರದಡಿ ಬುತ್ತಿ ಬಿಚ್ಚುತ್ತಿದ್ದೆವು. ತಿಂಗಳು ಅರ್ಧ ಕಳೆಯಿತೆಂದರೆ ಅವರು ಮಾತ್ರ ಮೇಜು ಬಿಟ್ಟು ಏಳುತ್ತಿರಲಿಲ್ಲ. “ಇವತ್ತು ಒಪ್ಪೊತ್ತು ಕಣಪ್ಪಾ,” ಎನ್ನುವರು. ಶಿವನಿಗೆ ಸೋಮವಾರವೊಂದೇ ಸಾಲದಾಯಿತೇ ಎಂದು ನಾನು ನಗುತ್ತಿದ್ದೆ. ಅವರ ಹೆಂಡತಿ ಕ್ಷಯವಾಗಿ ಮೈಸೂರಿನ ಆಸ್ಪತ್ರೆಯಲ್ಲಿದ್ದಾರೆ, ಸಂಬಳವೆಲ್ಲ ಅಲ್ಲಿಗೇ ಹೋಗುತ್ತದೆ ಎಂದು ಜವಾನ ಹೇಳಿದ ದಿನ ನಾಚಿಕೆಯಿಂದ ತಲೆ ತಗ್ಗಿಸಿದೆ.

ಆ ವಾರವೇ ಸರಗೂರು ಕಡೆಯ ರೈತನೊಬ್ಬ ನಕಲು ಹಿಡಿದು ಬಂದ. “ಬುದ್ಧೀ, ಮೂಡ್ಲಲ್ಲಿರೋ ಅಳ್ಳವ ಪಡುವ್ಲಿಗೆ ಬರ್ದವ್ರೆ! ಪಕ್ಕದ್ ಒಲದೋನು ಜಗಳಕ್ಕೆ ನಿಂತವ್ನೆ.”

“ಇನ್ನೊಂದು ತಪ್ಪಾದ್ರೆ ನಿಮ್ಮನ್ನ ಕೆಲಸದಿಂದ ತೆಗೀಬೇಕಾಗುತ್ತೆ,” ಎಂದರು ಸಾಹೇಬರು. ಗುರುಮಲ್ಲಪ್ಪನವರು ಆ ನಕಲನ್ನು ತೆಗೆದುಕೊಂಡು ಮತ್ತೆ ಬರೆಯಲು ಕೂತರು. ಹಸಿದವನಿಗೆ ದಿಕ್ಕು ಎಲ್ಲಿಂದ ತಿಳಿಯಬೇಕು? ಸುಮ್ಮನೆ ಕೊಟ್ಟರೆ ತೆಗೆದುಕೊಳ್ಳುವ ಮನುಷ್ಯರೂ ಅಲ್ಲ.

ಮರುದಿನ ಒಂದು ಸುಳ್ಳು ಕಟ್ಟಿದೆ. “ಊರಿಂದ ನಮ್ಮವ್ವ ಬಂದವ್ರೆ ಸಾರ್. ದಿನಾ ಒಬ್ಬ ಶಿವಭಕ್ತರಿಗೆ ಊಟ ಕೊಡ್ತೀನಿ ಅಂತ ಹರಕೆ ಹೊತ್ತವ್ರೆ. ಬ್ಯಾಡ ಅನ್ಬೇಡಿ.” ಹರಕೆಯ ಊಟವನ್ನು ಅವರು ಒಲ್ಲೆ ಎನ್ನುವಂತಿರಲಿಲ್ಲ.

ನಿಜ ಹೇಳುತ್ತೇನೆ, ನನ್ನವ್ವ ನಾನು ಮೂರು ವರ್ಷದವನಿದ್ದಾಗಲೇ ತೀರಿಕೊಂಡಿದ್ದಳು. ರೊಟ್ಟಿ ತಟ್ಟುತ್ತಿದ್ದವನು ನಾನೇ. ಒಂದು ಕಡೆ ಹಸಿ, ಇನ್ನೊಂದು ಕಡೆ ಕರಕಲು; ಅದನ್ನು ಮುಚ್ಚಲು ಮೇಲೊಂದಿಷ್ಟು ಹುಚ್ಚೆಳ್ಳು ಪುಡಿ.

ಅವರು ಕಣ್ಣಿಗೊತ್ತಿಕೊಂಡು ತಿನ್ನುವರು. “ನಿಮ್ಮವ್ವನ ಕೈರುಚಿ ಚೆಂದಾಗದೆ ಕಣಪ್ಪಾ. ಆರಾಮಾಗವ್ರಾ?”

“ಮೊಣಕಾಲು ನೋವು ಅಂತಾರೆ ಸಾರ್.”

ಹೀಗೆ ದಿನಕ್ಕೊಂದು ಹೇಳುತ್ತಾ ಹೋದೆ. ಮುಖವೂ ನೆನಪಿಲ್ಲದ ಅವ್ವ ಸಂಜೆ ಬಾಗಿಲಲ್ಲಿ ಕಾದಿರುತ್ತಾಳೆ ಅನ್ನಿಸತೊಡಗಿತು. ಬೀಗ ತೆಗೆಯುವಾಗ ಸಂಕಟವಾಗುತ್ತಿತ್ತು. ನಕಲುಗಳಲ್ಲಿ ಮತ್ತೆ ತಪ್ಪು ಬರಲಿಲ್ಲ.

ವರ್ಷ ಕಳೆದು ನನಗೆ ಕೃಷ್ಣರಾಜನಗರಕ್ಕೆ ವರ್ಗವಾಯಿತು. ಅಲ್ಲಿ ನನ್ನ ಸರ್ವಿಸ್ ಪುಸ್ತಕ ತೆರೆದು ನೋಡಿದೆ. ನಾನು ಕೆಲಸಕ್ಕೆ ಸೇರಿದ ದಿನವೇ ತುಂಬಿದ ಪುಟ. ಮುತ್ತಿನಂಥ ಅದೇ ಅಕ್ಷರದಲ್ಲಿ ಬರೆದಿತ್ತು: ತಾಯಿ, ದಿವಂಗತ.

ಗುರುಮಲ್ಲಪ್ಪನವರೂ ಈಗಿಲ್ಲ. ಅವ್ವನ ಕ್ಷೇಮ ಕೇಳುವವರು ಅವರಾದ ಮೇಲೆ ಯಾರೂ ಸಿಗಲಿಲ್ಲ.

ಪೇಪರ್ ಮಡಿಸಿಟ್ಟು ಅಡುಗೆಮನೆಗೆ ಹೋದೆ. “ಸರಿ ಮಗಾ, ಇವತ್ತು ರೊಟ್ಟಿ ನಾನು ತಟ್ತೀನಿ.”

“ನಿಮಗೆ ಯಾರು ಕಲಿಸಿದ್ದು ತಾತ?”

“ನಮ್ಮವ್ವ,” ಎಂದೆ.