ಎರಡು ಸಲ ಬೆಳಗಾದ ಸೋಮವಾರ

ಮೊನ್ನೆ ಹರಿಹರದಲ್ಲಿ ಗುಡಿ ಮುಂದಿನ ಅಂಗಡಿಯಲ್ಲಿ ವಿಭೂತಿ ಗಟ್ಟಿ ಕೊಂಡೆ. ಕಾಗದ ಬಿಚ್ಚಿ ಮೂಗಿಗೆ ಹಿಡಿದದ್ದೇ ತಡ, ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ಎದುರುಮನೆ ದೊಡ್ಡಮ್ಮ ಕಣ್ಣಮುಂದೆ ಬಂದು ನಿಂತರು. ರಕ್ತಸಂಬಂಧವೇನಲ್ಲ, ಓಣಿಗೆಲ್ಲ ಅವರು ದೊಡ್ಡಮ್ಮ. ಮಹಾ ಗಟ್ಟಿಗಿತ್ತಿ. ಬೆಳಗಾದ ಮೇಲೆ ಲಿಂಗಪೂಜೆಯಾಗದೆ ಹನಿ ನೀರು ಮುಟ್ಟುತ್ತಿರಲಿಲ್ಲ.

ಆ ವರ್ಷ ಶ್ರಾವಣದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಫೋನ್ ಬಂತು. ಅಲ್ಲಿ ನರ್ಸ್ ಆಗಿದ್ದ ಅವರ ಒಬ್ಬಳೇ ತಂಗಿ ಆಸ್ಪತ್ರೆಯಲ್ಲಿ ಮಲಗಿದ್ದಳು. ಸೋಮವಾರ ದಾಟುವುದು ಕಷ್ಟ ಎಂದು ಡಾಕ್ಟರು ಕೈಚೆಲ್ಲಿದ್ದರಂತೆ. ದೊಡ್ಡಮ್ಮನ ವೀಸಾ ಮೊದಲೇ ಆಗಿತ್ತು, ಆದರೆ ಬೆಂಗಳೂರಿನಿಂದ ಟಿಕೆಟ್ ಸಿಕ್ಕಿದ್ದು ಸೋಮವಾರ ಮಧ್ಯಾಹ್ನಕ್ಕೇ. ಮೊಬೈಲಿನಲ್ಲಿ ನೋಡಿ ಹೇಳಿದೆ: ಸುಮಾರು ಹದಿನಾಲ್ಕು ಸಾವಿರ ಕಿಲೋಮೀಟರು, ಎಲ್ಲೂ ನಿಲ್ಲದೆ ಹೋದರೂ ಹದಿನಾರು ತಾಸು.

“ಹಂಗಾರೆ ಮಂಗಳವಾರ ಆಗಿಬಿಡ್ತೈತಲ್ಲಪ್ಪಾ…” ಎಂದು ಕುಸಿದು ಕುಳಿತರು.

ಇಲ್ಲ, ಸೋಮವಾರ ಸಂಜೆಯೇ ಇಳಿಯುತ್ತೀರಿ ಎಂದೆ. ವಿಮಾನ ಪೂರ್ವಕ್ಕೆ ಹಾರುತ್ತದೆ, ನಡುಸಮುದ್ರದಲ್ಲಿ ಒಂದು ಗೆರೆ ದಾಟಿದರೆ ತಾರೀಖು ಒಂದು ದಿನ ಹಿಂದಕ್ಕೆ ಹೋಗುತ್ತದೆ ಎಂದು ನನ್ನ ಜಾಣತನವನ್ನೆಲ್ಲ ಖರ್ಚು ಮಾಡಿ ವಿವರಿಸಿದೆ.

“ನನ್ನ ಕಿವಿಗೆ ಹೂ ಇಡಬ್ಯಾಡ. ಸಿಗಲಿ ಬಿಡಲಿ, ನಾ ಹೊಂಟೆ,” ಎಂದರು.

ಆಮೇಲಿನದನ್ನು ಅವರ ಬಾಯಿಂದಲೇ ಕೇಳಬೇಕಿತ್ತು. ನಸುಕಿನಲ್ಲೇ ಮನೆಯಲ್ಲಿ ಪೂಜೆ ಮುಗಿಸಿ ಹೊರಟಿದ್ದರು. ವಿಮಾನದಲ್ಲಿ ಕತ್ತಲಾಗಿ, ಒಂದು ಜೊಂಪು ಹತ್ತಿ ಕಣ್ಣು ಬಿಟ್ಟರೆ ಕಿಟಕಿಯಲ್ಲಿ ಬೆಳ್ಳಗೆ ಬೆಳಗು! ತಿಂಡಿ ಬಂದರೆ ಬ್ಯಾಡ ಎಂದು, ಕೂತ ಸೀಟಿನಲ್ಲೇ ವಿಭೂತಿ ಹಚ್ಚಿ, ಕೊರಳ ಲಿಂಗವನ್ನು ಅಂಗೈಗೆ ತೆಗೆದುಕೊಂಡರಂತೆ. ಪೂಜೆ ಮುಗಿದ ಮೇಲೆ, ಇವತ್ತು ಯಾವ ವಾರ ಎಂದು ಪಕ್ಕದ ಕನ್ನಡದ ಹುಡುಗಿಯನ್ನು ಕೇಳಿದರೆ, ಗೆರೆ ದಾಟಿದ್ದೇವೆ, ಸೋಮವಾರ ಎಂದಳಂತೆ. ದೊಡ್ಡಮ್ಮನ ಮೈ ಜುಮ್ಮೆಂದಿತು. ಅದೇ ಶ್ರಾವಣ ಸೋಮವಾರ ಇನ್ನೊಂದು ಸಲ ಬೆಳಗಾಗಿತ್ತು. ಅವರು ಹೇಳುವಾಗ ನನಗೂ ಮೈ ಜುಮ್ಮೆಂದಿತು. ಗೆರೆಯ ಲೆಕ್ಕ ಹೇಳಿಕೊಟ್ಟವನೇ ನಾನಾದರೂ!

ಸಂಜೆ ಆಸ್ಪತ್ರೆ ಮುಟ್ಟಿದಾಗ ತಂಗಿಗೆ ಎಚ್ಚರವಿತ್ತು. “ಅಕ್ಕಾ, ಊಟ ಮಾಡ್ದೇನ?” ಎಂದು ಕೇಳಿದಳಂತೆ. ಆ ರಾತ್ರಿಯೇ ಅಕ್ಕನ ಕೈ ಹಿಡಿದುಕೊಂಡು ಹೋಗಿಬಿಟ್ಟಳು. ನಮ್ಮ ದಾವಣಗೆರೆಯಲ್ಲಿ ಆಗಲೇ ಮಂಗಳವಾರ. ಅಲ್ಲಿ ಸೋಮವಾರ ಇನ್ನೂ ಮುಗಿದಿರಲಿಲ್ಲ…

ತಿರುಗಿ ಬರುವಾಗ ಒಂದು ದಿನ ಲೆಕ್ಕದಿಂದ ಹಾರಿಹೋಗಿತ್ತು. “ಕೊಟ್ಟಿದ್ದನ್ನ ವಾಪಸ್ ಇಸ್ಕಂಡ್ರು ನೋಡು,” ಎಂದು ನಕ್ಕು ಕಣ್ಣೊರೆಸಿಕೊಂಡರು. “ಇಸ್ಕಳ್ಳಿ ಬಿಡು, ನನ್ನ ಕೆಲ್ಸ ಆಗಿತ್ತು.”

ದೊಡ್ಡಮ್ಮ ಹೋಗಿಯೂ ವರ್ಷಗಳಾದವು. ಆ ಮನೆಯಲ್ಲೀಗ ಕ್ಲಿನಿಕ್ ಇದೆ. ವಿಭೂತಿ ಕೊಳ್ಳುವಷ್ಟು ಭಕ್ತ ನಾನಲ್ಲ, ಅವರ ವಾಸನೆಗೆಂದು ಕೊಂಡೆ, ಅಷ್ಟೇ. ಅವರಿಗೆ ಸೀರಿಯಸ್ ಎಂದು ಫೋನ್ ಬಂದಾಗ ನಾನು ಪಕ್ಕದ ಊರು ಕೊಂಡಜ್ಜಿಯಲ್ಲಿದ್ದೆ. ಬೈಕಿನಲ್ಲಿ ಎದ್ದುಬಿದ್ದು ಬಂದೆ, ಸಿಗಲಿಲ್ಲ. ಅರ್ಧ ತಾಸಿನ ದಾರಿ… ನಡುವೆ ದಾಟಲು ಯಾವ ಗೆರೆಯೂ ಇರಲಿಲ್ಲ.