ತಲೆಯ ಮೇಲಿನ ಹೆಜ್ಜೆಗಳು

ಹಳೆಯ ನೆಲಮಾಳಿಗೆಯನ್ನು ಹಾಗೆಯೇ ಉಳಿಸಿಕೊಂಡು ಅದರ ಮೇಲೆ ಹೊಸ ಮನೆ ಕಟ್ಟಬಹುದೇ ಎಂಬ ಪ್ರಶ್ನೆ ಈ ನಗರದಲ್ಲಿ ಎದ್ದಾಗಲೆಲ್ಲ, ಮನೆ ಕಟ್ಟಿಸುವವರೂ ಗುತ್ತಿಗೆದಾರರೂ ಕೊನೆಗೆ ಬಂದು ನಿಲ್ಲುತ್ತಿದ್ದುದು ನಮ್ಮ ಕಟ್ಟಡ ಪರಿಶೀಲನಾ ಕಚೇರಿಯ ಹಿರಿಯ ಇಂಜಿನಿಯರ್ ಮೇಡಂ ಅವರ ಮೇಜಿನ ಮುಂದೆ. ಸೇತುವೆ ಕಟ್ಟಿದವರಿಗೆ, ಗೋಪುರ ಎಬ್ಬಿಸಿದವರಿಗೆ ಶಿಲಾಫಲಕಗಳುಂಟು. ನೆಲದಡಿಯ ಗೋಡೆಯನ್ನು ಪರೀಕ್ಷಿಸಿ, ತಾಳುತ್ತದೆ ಅಥವಾ ತಾಳುವುದಿಲ್ಲ ಎಂದು ಹೇಳಿ, ಕೈಗೆ ಮೆತ್ತಿದ ಮಣ್ಣು ಒರೆಸಿಕೊಂಡು ಹೊರಟುಬಿಡುವವರಿಗೆ ಅಂಥದ್ದೇನೂ ಇಲ್ಲ. ಇಡೀ ಸೇವಾವಧಿಯನ್ನು ಹೀಗೆ ಅನ್ಯರ ಪಾದದಡಿಯಲ್ಲೇ ಕಳೆದ ಅವರನ್ನು ಕಚೇರಿಯವರು ಬೆನ್ನ ಹಿಂದೆ ‘ಕೆಳಗಿನ ಮೇಡಂ’ ಎಂದು ಕರೆಯುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಕೇಳಿಸದವರಂತೆ ಇದ್ದುಬಿಡುತ್ತಿದ್ದರು.

ಅವರು ಕೆಲಸಕ್ಕೆ ಸೇರಿದ ಕಾಲದಲ್ಲಿ ನೆಲಮಾಳಿಗೆಯ ತಪಾಸಣೆಯೆಂದರೆ ಎಲ್ಲರೂ ಮೂಗು ಮುರಿಯುತ್ತಿದ್ದರು. ತೇವದ ವಾಸನೆ, ಕತ್ತಲೆ, ತುಕ್ಕು ಹಿಡಿದ ಡಬ್ಬಗಳು, ಇಲಿಗಳ ಸಂಸಾರ; ಯಾರಿಗೆ ಬೇಕು? ಅವರು ಮಾತ್ರ ಟಾರ್ಚು, ಸುತ್ತಿಗೆ ಹಿಡಿದು ಇಳಿದೇ ಬಿಡುತ್ತಿದ್ದರು. ಗೋಡೆ ತಟ್ಟಿ ನೋಡುವುದು, ಬಿರುಕಿಗೆ ಗುರುತು ಹಾಕುವುದು, ಕಾಂಕ್ರೀಟಿನ ತುಂಡು ಕೊರೆದು ಪ್ರಯೋಗಾಲಯಕ್ಕೆ ಕಳಿಸುವುದು, ಇವೆಲ್ಲ ಎಲ್ಲ ಇಂಜಿನಿಯರುಗಳೂ ಮಾಡುವಂಥದ್ದೇ. ಇವೆಲ್ಲ ಮುಗಿದ ಮೇಲೆ ಅವರು ಮಾಡುತ್ತಿದ್ದ ಒಂದು ಕೊನೆಯ ಪರೀಕ್ಷೆ ಮಾತ್ರ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ಹಳೆಯ ಮನೆಯನ್ನು ಕೆಡವಿದ ಮೇಲೆ ನೆಲಮಾಳಿಗೆಯ ಚಾವಣಿಯಷ್ಟೇ ಬಯಲಿನಲ್ಲಿ ಅಂಗಳದಂತೆ ಉಳಿದಿರುತ್ತದಲ್ಲ, ಅದರ ಮೇಲೆ ಸೀಮೆಸುಣ್ಣದಿಂದ ಹೊಸ ಮನೆಯ ಕೋಣೆಗಳನ್ನು ಬರೆಸಿ, ಮನೆಮಂದಿಯನ್ನೆಲ್ಲ ಕರೆಸಿ, “ಮನೇಲಿ ಹೇಗಿರ್ತೀರೋ ಹಾಗೇ ಓಡಾಡ್ತಾ ಇರಿ. ನಾನು ಕೆಳಗಿರ್ತೀನಿ” ಎಂದು ಹೇಳಿ, ಒಬ್ಬರೇ ಇಳಿದು ಹೋಗಿ ಕಿವಿಗೊಟ್ಟು ನಿಲ್ಲುತ್ತಿದ್ದರು.

ಜನ ಮೊದಮೊದಲು ಮುಜುಗರಪಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಮುಜುಗರ ಹೋಗಿ ಇಲ್ಲದ ಬಾಗಿಲು ತೆರೆಯುವುದು, ಇಲ್ಲದ ಒಲೆಯ ಮುಂದೆ ನಿಲ್ಲುವುದು ಶುರುವಾಗುತ್ತಿತ್ತು. “ಅದು ಗೋಡೆ ಕಣ್ರೀ, ಬಾಗಿಲಿಂದ ಬನ್ನಿ!” ಎಂದು ಒಬ್ಬ ಹೆಂಡತಿ ಗಂಡನನ್ನು ಗದರಿದ್ದು ಕೆಳಗಿದ್ದ ಅವರಿಗೂ ಕೇಳಿಸಿ, ಬಹಳ ದಿನ ನೆನೆನೆನೆದು ನಗುತ್ತಿದ್ದರು. ಮೇಲಧಿಕಾರಿಗಳು ಈ ಪರೀಕ್ಷೆಯ ಔಚಿತ್ಯವನ್ನು ಕೇಳಿದಾಗ ಅವರ ಉತ್ತರ ಸರಳವಾಗಿತ್ತು: “ಗೋಡೆ ಎಷ್ಟು ಹೊರುತ್ತೆ ಅಂತ ಯಂತ್ರ ಹೇಳುತ್ತೆ ಸಾರ್. ಇವರೆಲ್ಲ ಎಲ್ಲಿ ಹೋಗಿ ಗುಂಪಾಗಿ ನಿಲ್ತಾರೆ ಅಂತ ಅದಕ್ಕೇನು ಗೊತ್ತು?” ಹೆಜ್ಜೆಗಳು ಎಲ್ಲಿ ಸೇರುತ್ತಿದ್ದವೋ ಅಲ್ಲಿ ಅವರು ಒಂದು ತೊಲೆಯನ್ನು ಹೆಚ್ಚಿಗೆ ಹಾಕಿಸುತ್ತಿದ್ದರು. ಮೇಲಧಿಕಾರಿಗಳಿಗೆ ಹೇಳದೆ ಉಳಿಸಿಕೊಂಡ ಮಾತೊಂದಿತ್ತು. ತಲೆಯ ಮೇಲೆ ಒಂದು ಇಡೀ ಸಂಸಾರ ಓಡಾಡುವುದನ್ನು ಕೇಳುತ್ತ ಆ ಕತ್ತಲೆಯಲ್ಲಿ ನಿಂತಾಗ ಅವರಿಗೆ ಹಿತವಾಗುತ್ತಿತ್ತು, ಮೇಲಕ್ಕೆ ಬರಲು ಮನಸ್ಸೇ ಆಗುತ್ತಿರಲಿಲ್ಲ.

ಅವರ ಔದಾರ್ಯದ ಪ್ರಸಂಗಗಳಲ್ಲಿ ಒಂದನ್ನಾದರೂ ಇಲ್ಲಿ ಸ್ಮರಿಸಬೇಕು. ಒಂದು ದೊಡ್ಡ ಕುಟುಂಬ ಮೇಲೆ ಓಡಾಡುತ್ತಿದ್ದಾಗ, ಎಲ್ಲ ಹೆಜ್ಜೆಗಳೂ ಅಡುಗೆಮನೆ, ಮಲಗುವ ಕೋಣೆ ಎಂದು ಹಂಚಿಹೋದರೂ ಒಂದು ಜೊತೆ ಹೆಜ್ಜೆ ಮಾತ್ರ ಪಶ್ಚಿಮದ ಮೂಲೆಗೆ ಬಂದು ನಿಂತಿತು, ನಿಂತೇ ಇತ್ತು. ಮೇಲೆ ಬಂದು ನೋಡಿದರೆ ಅಲ್ಲಿದ್ದವರು ಯಜಮಾನರ ವಯಸ್ಸಾದ ಮಾವ. ನಕ್ಷೆಯಲ್ಲಿ ಅವರಿಗೆ ಕೋಣೆಯೇ ಇರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳುವ ಸ್ವಭಾವವೂ ಅವರದಲ್ಲ. ಮೇಡಂ ಯಾರನ್ನೂ ಆಕ್ಷೇಪಿಸಲಿಲ್ಲ. “ಈ ಮೂಲೆಗೆ ಗೋಡೆ ಬೇಕು. ಭಾರ ಇಲ್ಲೇ ಬೀಳ್ತಿದೆ” ಎಂದಷ್ಟೇ ಹೇಳಿ ನಕ್ಷೆಯನ್ನು ಹಿಂದಿರುಗಿಸಿದರು. ಗೋಡೆ ಬಂದ ಮೇಲೆ ಕೋಣೆಯಾಗಲು ಒಂದು ಬಾಗಿಲು ಸಾಕಾಯಿತು.

ಸ್ವಂತಕ್ಕೆಂದು ಅವರು ಸಂಸಾರ ಕಟ್ಟಿಕೊಳ್ಳಲಿಲ್ಲ. ಇದ್ದವಳು ಒಬ್ಬಳೇ ತಂಗಿ, ದೂರದ ಊರಿನ ಆಸ್ಪತ್ರೆಯಲ್ಲಿ ದಾದಿ. ನಿವೃತ್ತಿಯ ನಂತರ ಅಕ್ಕತಂಗಿಯರಿಬ್ಬರೂ ಒಂದೇ ಸೂರಿನಡಿ ಇರಬೇಕೆಂಬುದು ಎಷ್ಟೋ ಕಾಲದ ಆಸೆ. ಅದಕ್ಕಾಗಿಯೇ ಮೇಲೆಲ್ಲ ಶಿಥಿಲವಾಗಿ, ನೆಲಮಾಳಿಗೆ ಮಾತ್ರ ಗಟ್ಟಿಯಿದ್ದ ಮನೆಯೊಂದನ್ನು ಕೊಂಡಿದ್ದರು. “ಅಕ್ಕಾ, ನನ್ನ ಕೋಣೆಗೆ ಬೆಳಗಿನ ಬಿಸಿಲು ಬರ್ಬೇಕು ನೋಡು. ಇನ್ನೇನೂ ಕೇಳಲ್ಲ” ಎಂದಿದ್ದಳು ತಂಗಿ. ಹಾಗಾಗಿ ಪೂರ್ವದ ಮೂಲೆ ಅವಳ ಪಾಲಿಗೆ ಬಂತು. ಹಳೆಯ ಮನೆಯನ್ನು ಕೆಡವಿ ಮುಗಿಸುವ ಹೊತ್ತಿಗೆ ತಂಗಿ ಕಾಯಿಲೆ ಬಿದ್ದಳು, ಮತ್ತೆ ಏಳಲಿಲ್ಲ.

ಅಂತ್ಯಕ್ರಿಯೆ ಮುಗಿಸಿ ಬಂದ ಮೇಡಂ ನೇರವಾಗಿ ನಮ್ಮ ನಕ್ಷೆಗಾರರ ಮೇಜಿಗೆ ಹೋದರು. ಕಿವಿಗೆ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡು, ಸದಾ ಹರಟುವ ಮನುಷ್ಯ ಅವರು. ಅಂದು ಹರಟೆ ಬಿಟ್ಟು ಮನೆಯ ನಕ್ಷೆಯನ್ನು ಬಿಡಿಸಿ ಮುಂದಿಟ್ಟರು. “ಪೂರ್ವದ ಕೋಣೆ ತೆಗೆದುಬಿಡಿ. ಒಬ್ಬಳಿಗೆ ಯಾಕೆ?” ಎಂದರು ಮೇಡಂ. ನಕ್ಷೆಗಾರರು ತೆಗೆದರು. ಅಷ್ಟಾದರೂ ಕೆಲಸ ಶುರುವಾಗಲಿಲ್ಲ. ಕೇಳಿದವರಿಗೆಲ್ಲ ಮೇಡಂ ಕೊನೆಯ ಪರೀಕ್ಷೆ ಬಾಕಿಯಿದೆ ಎನ್ನುತ್ತಿದ್ದರು. ನಿವೃತ್ತಿಯೇನೋ ಹತ್ತಿರ ಬರುತ್ತಿತ್ತು, ಜಾಗ ಮಾರಿಬಿಡುವ ಮಾತೂ ಒಮ್ಮೆ ಬಂತು. ನಕ್ಷೆಗಾರರು ತಡೆಯಲಾರದೆ, “ನಾನು ಮೇಲೆ ಓಡಾಡ್ತೀನಿ ಮೇಡಂ, ನೀವು ಕೆಳಗೆ ನಿಂತು ಕೇಳಿ” ಎಂದರು.

“ಅದು ನಿಮ್ಮ ಮನೆ ಅಲ್ವಲ್ಲ ರೀ. ಇರೋರೇ ನಡೀಬೇಕು.”

“ಹಾಗಾದ್ರೆ ನೀವು ನಡೀರಿ. ನಾನೇ ಕೆಳಗೆ ಹೋಗ್ತೀನಿ.”

ಕತ್ತಲೆಯೆಂದರೆ ಜೀವ ಬಾಯಿಗೆ ಬರುವ ಆ ಮನುಷ್ಯ ಹಾಗೆ ಹೇಳಿದ್ದು ಕೇಳಿ ಮೇಡಂಗೆ ಇಲ್ಲವೆನ್ನಲಾಗಲಿಲ್ಲ. ಮಾರನೆಯ ಬೆಳಿಗ್ಗೆ ನಕ್ಷೆಗಾರರು ಟಾರ್ಚು ಹಿಡಿದು ಇಳಿದರು. ಮೇಡಂ ಜೀವನದಲ್ಲಿ ಮೊದಲ ಬಾರಿಗೆ ಮೇಲುಳಿದರು. ಸೀಮೆಸುಣ್ಣದ ಬಾಗಿಲಿನಿಂದ ಒಳಬಂದರು. ಅಡುಗೆಮನೆಗೆ ಹೋದರು, ತಮ್ಮ ಕೋಣೆಗೆ ಹೋದರು, ಮತ್ತೆ ಅಡುಗೆಮನೆಗೆ ಬಂದರು. ಹೋಗಲು ಇನ್ನೆಲ್ಲೂ ಇರಲಿಲ್ಲ. ತಮ್ಮದೊಂದೇ ಹೆಜ್ಜೆಯ ಸಪ್ಪಳ ಕೆಳಗೆ ಹೇಗೆ ಕೇಳಿಸುತ್ತಿರಬಹುದೆಂದು ಊಹಿಸಿ ಅವರಿಗೆ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ದುಃಖ ಉಕ್ಕಿ ಬಂತು. ಯಾವಾಗ ಗೆರೆ ದಾಟಿದರೋ ಅವರಿಗೇ ತಿಳಿಯದು, ಪೂರ್ವದ ಮೂಲೆಯಲ್ಲಿ ನಿಂತಿದ್ದರು. ಬಿಸಿಲು ಅಲ್ಲಿಗೆ ಬಂದಿತ್ತು, ತಂಗಿ ಕೇಳಿದ ಹಾಗೆಯೇ.

ತಲೆತುಂಬ ಜೇಡರಬಲೆ ಹೊತ್ತು ನಕ್ಷೆಗಾರರು ಮೇಲೆ ಬಂದಾಗಲೂ ಮೇಡಂ ಅಲ್ಲೇ ಇದ್ದರು. “ಎಲ್ಲಾದ್ರೂ ಅದುರಿತಾ?” ಎಂದು ಕಣ್ಣೊರೆಸಿಕೊಂಡು ಕೇಳಿದರು.

“ಎಲ್ಲೂ ಇಲ್ಲ. ಆದ್ರೆ ಈ ಮೂಲೆಗೆ ಗೋಡೆ ಬೇಕು ಮೇಡಂ. ಭಾರ ಇಲ್ಲೇ ಬೀಳ್ತಿದೆ.”

ತಮ್ಮದೇ ಮಾತು ತಮಗೇ ತಿರುಗಿ ಬಂದಾಗ ಅವರಿಗೆ ಮೊದಲು ಸಿಟ್ಟು ಬಂತು. “ಬಂದು ಇರೋರು ಯಾರೂ ಇಲ್ಲ ರೀ!” ಎಂದರು ಜೋರಾಗಿ.

“ನೀವು ಬಂದು ನಿಂತಿದ್ದೀರಲ್ಲ” ಎಂದರು ನಕ್ಷೆಗಾರರು.

ಮೇಡಂ ಅವರ ಕೈಯಿಂದ ಸೀಮೆಸುಣ್ಣ ಇಸಿದುಕೊಂಡು, ಮಂಡಿಯೂರಿ, ನಕ್ಷೆಯಿಂದ ತೆಗೆಸಿದ್ದ ಕೋಣೆಯ ಗೆರೆಯನ್ನು ತಾವೇ ಎಳೆದರು.

ಆ ಮನೆ ಈಗ ಎದ್ದು ನಿಂತಿದೆ. ಪೂರ್ವದ ಕೋಣೆಯಲ್ಲಿ ಕಿಟಕಿಗೆ ಒತ್ತಿದಂತೆ ಒಂದು ಮಂಚವಿದೆ. ಅದರ ಮೇಲೆ ಯಾರೂ ಮಲಗುವುದಿಲ್ಲ. ಬೆಳಿಗ್ಗೆ ಅಲ್ಲಿ ಕುಳಿತು ಪತ್ರಿಕೆ ಓದುತ್ತೇನೆಂದು ಮೇಡಂ ಹೇಳುತ್ತಾರೆ. ಒಂಟಿತನ ನೀಗಿತೆಂದು ನಾವು ಇಲ್ಲಿ ಬರೆದರೆ ಸುಳ್ಳಾದೀತು, ಸುಳ್ಳು ವರದಿಗೆ ಅವರು ಎಂದೂ ಸಹಿ ಹಾಕಿದವರಲ್ಲ. ಅವರು ಆರೋಗ್ಯದಿಂದ ದೀರ್ಘಕಾಲ ಬಾಳಲಿ. ಇಳಿದು ನೋಡುವವರಿಗಾಗಿ ಕಾದಿರುವ ನೆಲಮಾಳಿಗೆಗಳು ಈ ನಗರದಲ್ಲಿ ಇನ್ನೂ ಬೇಕಾದಷ್ಟಿವೆ, ಅವುಗಳಿಗೆ ಅವರ ಕಿವಿ ಸಿಗುತ್ತಲೇ ಇರಲಿ. ಅವರ ಗೌರವಕ್ಕೆಂದು ನಾವು ಹೊರತರುತ್ತಿರುವ ಈ ಅಭಿನಂದನಾ ಸಂಪುಟವನ್ನು ಅರ್ಪಿಸುವ ಸಂಜೆ ಕಚೇರಿಯವರೆಲ್ಲ ಅವರ ಮನೆಗೆ ಹೋಗುವವರಿದ್ದೇವೆ. ಅವರು ಒಂದಿಷ್ಟು ಹೊತ್ತು ತಮ್ಮ ನೆಲಮಾಳಿಗೆಗೆ ಇಳಿದು ನಿಲ್ಲಬೇಕೆಂದು ಪ್ರಾರ್ಥನೆ. ಮೇಲೆ ನಾವು ಓಡಾಡುತ್ತಿರುತ್ತೇವೆ. ಅದು ನಿಮ್ಮ ಮನೆಯಲ್ಲವಲ್ಲ ಎಂದು ಗದರಿದರೆ ಗದರಲಿ. ಪೂರ್ವದ ಕೋಣೆಯೊಳಕ್ಕೆ ಮಾತ್ರ ನಾವಾಗಿ ಹೋಗುವುದಿಲ್ಲ. ಅಲ್ಲಿಗೆ ಅವರೇ ಮೇಲೆ ಬಂದು ನಮ್ಮನ್ನು ಕರೆಯಬೇಕು.