ಅಳು ನಿಲ್ಲಿಸಲು ಕೊಟ್ಟ ನಿದ್ದೆ ಗುಳಿಗೆ

ಕೋವಿಡ್ ಅಲೆಗಳು ತಣ್ಣಗಾದ ಮರುವರ್ಷ. ಆಗ ನಾನು ಕೊಲ್ಹಾಪುರದ ಒಂದು ಆಸ್ಪತ್ರೆಯಲ್ಲಿ ಪುನಶ್ಚೇತನ ವಿಭಾಗದ ವೈದ್ಯೆಯಾಗಿದ್ದೆ. ಲಕ್ವ ಹೊಡೆದವರು ಮತ್ತೆ ನಡೆಯುವಂತೆ, ಮಾತಾಡುವಂತೆ, ತಮ್ಮ ಕೈಯಿಂದಲೇ ಉಣ್ಣುವಂತೆ ಮಾಡುವುದು ನಮ್ಮ ಕೆಲಸ. ನನ್ನದು ಅಥಣಿ ಕಡೆಯ ಊರಾದ್ದರಿಂದ ಇಚಲಕರಂಜಿಯ ಮಗ್ಗಗಳಲ್ಲಿ ದುಡಿಯುವ ಕನ್ನಡದವರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಮಾರುತಿ ಹಾಗೆ ಬಂದವರು. ಪವರ್‌ಲೂಮ್ ಕಾರ್ಖಾನೆಯಲ್ಲಿ ಜಾಬರ್, ಅಂದರೆ ಕೆಟ್ಟು ನಿಂತ ಮಗ್ಗವನ್ನು ಬಿಚ್ಚಿ ಸರಿಪಡಿಸುವವರು. ವಯಸ್ಸು ಐವತ್ತರ ಆಸುಪಾಸು. ಮೆದುಳಿನ ರಕ್ತನಾಳ ಕಟ್ಟಿಕೊಂಡು ಬಲಗಡೆಯ ಸ್ವಾಧೀನ ತಪ್ಪಿತ್ತು, ಮಾತು ತೊದಲುತ್ತಿತ್ತು. ನಮ್ಮಲ್ಲಿಂದ ಮನೆಗೆ ಹೋಗುವ ಹೊತ್ತಿಗೆ ಕೋಲೂರಿ ನಡೆಯುತ್ತಿದ್ದರು, ಬಲಗೈ ಬೆರಳುಗಳು ಮೆಲ್ಲಗೆ ಮಡಚತೊಡಗಿದ್ದವು. ಲಕ್ವದ ನಂತರದ ಮೊದಲ ತಿಂಗಳುಗಳಲ್ಲೇ ಮೆದುಳು ಹೆಚ್ಚು ಕಲಿಯುವುದು. ವ್ಯಾಯಾಮ ತಪ್ಪಿಸಬೇಡಿ ಎಂದು ಹೆಂಡತಿ ಶೋಭಾಗೆ ಹೇಳಿ ಕಳಿಸಿದ್ದೆ. ಕೆಲವು ವಾರ ಬಂದರು. ಆಮೇಲೆ ನಿಂತೇಹೋಯಿತು.

ಎರಡು ತಿಂಗಳಾದ ಮೇಲೆ ಶೋಭಾ ಒಬ್ಬರೇ ಬಂದರು.

“ಅವರ್ನ ನಮ್ಮ ಭಾವಾರು ಗಡಹಿಂಗ್ಲಜಕ್ಕ ಒಯ್ದಾರ್ರಿ ಬಾಯಾರ. ನಾ ಅವರ್ನ ಹೊಡೀತೇನಿ, ಉಪಾಸ ಕೆಡವತೇನಿ ಅಂತ ಗಲ್ಲಿ ತುಂಬ ಸುದ್ದಿ ಆಗೇತಿ.”

ಆಗಿದ್ದು ಇಷ್ಟು. ಮನೆಗೆ ಹೋಗಿ ಕೆಲವು ವಾರವಾದ ಮೇಲೆ ಮಾರುತಿಗೆ ಅಳು ಶುರುವಾಗಿತ್ತು. ಊಟದ ತಾಟು ಮುಂದಿಟ್ಟರೆ ಅಳು, ಯಾರಾದರೂ ಬಂದು ಮಾತಾಡಿಸಿದರೆ ಅಳು. ಹೆಂಡತಿಯ ಕಾಟಕ್ಕೇ ಅಳುತ್ತಾರೆ ಎಂದು ಗಲ್ಲಿಯವರು ಆಡಿಕೊಂಡರು. ಅಣ್ಣ ಶಿವಪ್ಪ ನೋಡಲು ಬಂದಾಗಲೂ ಅದೇ. ಅವರು ಒಂದೂ ಮಾತು ಕೇಳದೆ ತಮ್ಮನನ್ನು ಗಾಡಿಗೆ ಹತ್ತಿಸಿಕೊಂಡು ತಮ್ಮೂರು ಗಡಹಿಂಗ್ಲಜಕ್ಕೆ ಹೊರಟರು. ಅಲ್ಲಿಯೂ ಅಳು ನಿಲ್ಲದಾದಾಗ ಒಬ್ಬ ವೈದ್ಯರು ಬೆಳಿಗ್ಗೆ, ಸಂಜೆ ನಿದ್ದೆ ಗುಳಿಗೆ ಬರೆದುಕೊಟ್ಟಿದ್ದರು.

“ಈಗ ಅಳು ಕಡಿಮಿ ಆಗೇತಂತ್ರಿ. ದಿನಾಪೂರ್ತಿ ಮಲಗೇ ಇರ್ತಾರಂತ.”

ನನಗೆ ಮೈ ಉರಿಯಿತು. ಶಿವಪ್ಪನವರಿಗೆ ಫೋನ್ ಮಾಡಿದೆ. “ಆಕಿ ಮಾತ ಕೇಳಿ ಫೋನ್ ಮಾಡಾಕತ್ತೀರೇನ್ರಿ?” ಎಂದರು. ನಿಮ್ಮ ತಮ್ಮ ಇನ್ನು ಎಂದೂ ಎದ್ದು ನಿಲ್ಲದಿದ್ದರೂ ಪರವಾಗಿಲ್ಲವೇ ಎಂದು ಕೇಳಿದ ಮೇಲೆ ಆ ವಾರವೇ ಕರೆತಂದರು.

ಕೋಲೂರಿ ನಡೆದು ಹೋದ ಮನುಷ್ಯನನ್ನು ವೀಲ್‌ಚೇರಿನಲ್ಲಿ ತಳ್ಳಿಕೊಂಡು ಬಂದಿದ್ದರು. ಶೋಭಾರನ್ನೂ ಕರೆಸಿದ್ದೆ. ಕುತ್ತಿಗೆ ವಾಲಿತ್ತು, ಬೆರಳುಗಳು ಬಿಗಿದುಕೊಂಡಿದ್ದವು. “ಮಾರುತಿಯವರ, ಚಹಾ ಕುಡೀತೀರೇನ್ರಿ?” ಎಂದೆ. ಮುಖ ಕಿವುಚಿ ಅಳತೊಡಗಿದರು.

“ನೋಡ್ರಿ, ಆಕಿ ಎದುರಿಗದಾಳಂತ ಅಂಜಿ ಅಳಾಕತ್ತಾನ,” ಎಂದರು ಶಿವಪ್ಪ.

ಶೋಭಾರನ್ನು ಹೊರಗೆ ಕಳಿಸಿದೆ. ಬರುವಾಗ ರಸ್ತೆ ಹೇಗಿತ್ತು ಎಂದು ಕೇಳಿದೆ. ಮತ್ತೆ ಅಳು.

“ಈಗ ಯಾರಿಗೆ ಅಂಜ್ಯಾರ್ರಿ ಶಿವಪ್ಪನವರ? ರಸ್ತಾಕ್ಕೇನು?” ಎಂದೆ.

ಮಾರುತಿಯ ಕೈ ಹಿಡಿದುಕೊಂಡೆ. “ನಿಮಗ ಖರೇನ ದುಃಖ ಆಗೇತೇನು?”

ಅಳುತ್ತಲೇ ತಲೆಯಾಡಿಸಿದರು. “ಇಲ್ಲ… ತಾನಾಗೇ ಬರ್ತೇತಿ.”

“ಶೋಭಾ ಹೊಡದಾರೇನು?”

“ಇಲ್ಲ!” ಆ ಒಂದು ಮಾತು ತೊದಲದೆ ಬಂತು.

ಇಷ್ಟು ದಿನ ಗಲ್ಲಿಯವರು, ಅಣ್ಣ, ವೈದ್ಯರು ಎಲ್ಲರೂ ಆ ಕಣ್ಣೀರಿಗೆ ಅರ್ಥ ಹೇಳಿದ್ದರು. ಅಳುವವರನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಇದಕ್ಕೆ ಸುಡೋಬಲ್ಬಾರ್ ಅಫೆಕ್ಟ್ ಎನ್ನುತ್ತಾರೆ. ಅಳು, ನಗುವಿಗೆ ಮೆದುಳಿನಲ್ಲಿರುವ ಹಿಡಿತ ಲಕ್ವದಿಂದ ಸಡಿಲವಾಗುತ್ತದೆ. ದುಃಖವಿಲ್ಲದೆಯೂ ಕಣ್ಣೀರು ಹರಿಯುತ್ತದೆ. ಖಿನ್ನತೆಗೆ ಕೊಡುವ ಕೆಲವು ಔಷಧಿಗಳು ಸಣ್ಣ ಪ್ರಮಾಣದಲ್ಲೇ ಇದನ್ನು ಹತೋಟಿಗೆ ತರಬಲ್ಲವು. ನಿದ್ದೆ ಗುಳಿಗೆ ಹಾಗಲ್ಲ. ಅದು ಮೆದುಳು ಕಲಿಯಬೇಕಾದ ಹೊತ್ತಿನಲ್ಲೇ ಅದನ್ನು ಮಂಕಾಗಿಸುತ್ತದೆ.

ಆ ವೈದ್ಯರಿಗೆ ಫೋನ್ ಮಾಡಿದೆ. “ಮನೆಯವರಿಗೆ ತ್ರಾಸ ಆಗತಿತ್ತಲ್ರಿ ಮ್ಯಾಡಮ್,” ಎಂದರು.

“ರೋಗಿ ಯಾರ್ರಿ, ಮನೆಯವರೇನು?” ಎಂದೆ. ನನ್ನ ದನಿ ಕಾರಿಡಾರಿನವರೆಗೂ ಕೇಳಿಸಿತಂತೆ. ಕೇಳಿಸಲಿ.

ನಿದ್ದೆ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸುವಂತಿರಲಿಲ್ಲ, ಹಂತಹಂತವಾಗಿ ಇಳಿಸಿದೆವು. ಹೊಸ ಔಷಧಿಯನ್ನು ಸಣ್ಣ ಪ್ರಮಾಣದಲ್ಲಿ ಶುರು ಮಾಡಿದೆವು. ಅವರು ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಕೂಡ ತೆಗೆದುಕೊಳ್ಳುತ್ತಿದ್ದರಿಂದ ರಕ್ತಸ್ರಾವದ ಕಡೆ ಕಣ್ಣಿಟ್ಟೆವು, ಹೊಸ ಔಷಧಿಯಿಂದ ರಕ್ತದ ಸೋಡಿಯಂ ಇಳಿಯಬಹುದಾದ್ದರಿಂದ ನಡುವೆ ಅದನ್ನೂ ನೋಡಿಸಿದೆವು. ಕೆಲವು ವಾರಗಳಲ್ಲಿ ಅಳು ಅಪರೂಪವಾಯಿತು. ವ್ಯಾಯಾಮದ ಹೊತ್ತಿನಲ್ಲಿ ಎಚ್ಚರವಾಗಿರತೊಡಗಿದರು. ಕೋಲು ಮತ್ತೆ ಕೈಗೆ ಬಂತು.

ಬಲಗೈ ಮಾತ್ರ ಬರಲಿಲ್ಲ. ಮಡಚತೊಡಗಿದ್ದ ಆ ಬೆರಳುಗಳು ಮಗ್ಗದ ನಟ್ಟು ಬಿಚ್ಚುವ ಪಾನಾವನ್ನು ಇನ್ನೆಂದೂ ಹಿಡಿಯಲಿಲ್ಲ. ನಿದ್ದೆಯಲ್ಲಿ ಕಳೆದ ವಾರಗಳು ಸಿಕ್ಕಿದ್ದರೆ ಹಿಡಿಯುತ್ತಿದ್ದವೋ ಏನೋ, ಖಾತ್ರಿಯಾಗಿ ಹೇಳಲಾರೆ. ಆ ಅವಕಾಶವನ್ನೇ ಕಸಿದುಕೊಂಡಿದ್ದಕ್ಕೆ ನನ್ನ ಸಿಟ್ಟು.

ತಮ್ಮನನ್ನು ಇಚಲಕರಂಜಿಗೆ ಮರಳಿ ಬಿಡಲು ಹೋದ ಶಿವಪ್ಪ ಹೊಸ್ತಿಲಲ್ಲೇ “ತಪ್ಪಾತವಾ” ಎಂದರಂತೆ. ಶೋಭಾ ಒಪ್ಪಲಿಲ್ಲ.

“ನನ್ನ ಮ್ಯಾಲ ಅಪವಾದ ಬಂದದ್ದು ಗಲ್ಲಿಯೊಳಗ. ಅಲ್ಲೇ ನಿಂತ ಹೇಳ್ರಿ ಅಂದ್ನಿರಿ,” ಎಂದು ಮುಂದಿನ ಭೇಟಿಯಲ್ಲಿ ನನಗೆ ತಿಳಿಸಿದರು. ಶಿವಪ್ಪ ನೆರೆಯವರ ಮುಂದೆ, ತಲೆ ತಗ್ಗಿಸಿಕೊಂಡೇ, ಹೇಳಿದ್ದರು.

ಲಕ್ವದಿಂದ ಚೇತರಿಸಿಕೊಳ್ಳುವವರಿಗೆ ಯಾವ ಗುಳಿಗೆ ಬರೆಯುವ ಮುಂಚೆಯೂ ಈಗ ನಾನು ಮೊದಲು ಅವರನ್ನೇ ಕೇಳುತ್ತೇನೆ, ಮಾತು ಎಷ್ಟೇ ತೊದಲಲಿ. ಮನೆಯವರ ನೆಮ್ಮದಿಗಾಗಿ ರೋಗಿಯನ್ನು ಮಲಗಿಸಿಬಿಡುವುದನ್ನು ಚಿಕಿತ್ಸೆ ಎಂದು ಕರೆಯಲು ಇವತ್ತಿಗೂ ನನ್ನ ಮನಸ್ಸು ಒಪ್ಪುವುದಿಲ್ಲ.